ಚಿನ್ನ ಕೂರಿಸಿದ ಒಂದು ಅಕ್ಷರ: 15ನೇ ಶತಮಾನದ ಯುರೋಪಿನ ವಿಧಾನ, ನಮ್ಮ ಗ್ರಂಥಿಗೆ ಅಂಗಡಿಯ ಸಾಮಾನು

14 ಮತ್ತು 15ನೇ ಶತಮಾನದಲ್ಲಿ ಪ್ಯಾರಿಸ್, ಬ್ರೂಜ್, ಗೆಂಟ್ ನಗರಗಳ ಕುಶಲಕರ್ಮಿಗಳು ಚರ್ಮದ ಹಾಳೆಯ ಮೇಲೆ ಚಿನ್ನದ ರೇಕು ಕೂರಿಸಿ, ಸುತ್ತ ಬಣ್ಣ ತುಂಬಿ ಪುಸ್ತಕದ ಮೊದಲಕ್ಷರಗಳನ್ನು ಮಾಡುತ್ತಿದ್ದರು. ಅಂಥ ಒಂದು ಅಕ್ಷರವನ್ನು, ಸುಮಾರು 5 ಸೆಂ.ಮೀ. ಚೌಕದಲ್ಲಿ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮನೆಯಲ್ಲಿ ಮಾಡಿಕೊಳ್ಳುವ ಕ್ರಮ ಇದು. ಸಾಮಾನಿಗಾಗಿ ಅಲೆದಾಡಬೇಕಾಗಿಲ್ಲ. ಮಾಚಿಕಾಯಿ, ಅನ್ನಭೇದಿ, ಗೋಂದು, ಕಲ್ಲುಸಕ್ಕರೆ, ಪತಂಗದ ಚಕ್ಕೆ, ಪಟಿಕ, ಲವಂಗ ಇಷ್ಟೂ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಕೆಮ್ಮಣ್ಣು ರಂಗೋಲಿ ಮಾರುವವರ ಹತ್ತಿರ ಇರುತ್ತದೆ. ತೊಂದರೆ ಕೊಡುವುದು ಗಾಳಿ. ಈ ವಿಧಾನದಲ್ಲಿ ಚಿನ್ನ ಅಂಟುವುದು ಬಾಯಿಯ ಉಸಿರಿನ ತೇವಕ್ಕೆ, ಮತ್ತು ಬಯಲುಸೀಮೆಯ ಬೇಸಿಗೆಯಲ್ಲಿ ಆ ತೇವ ಒಂದು ಕ್ಷಣವೂ ನಿಲ್ಲುವುದಿಲ್ಲ.

ಆದ್ದರಿಂದ ಕೆಲಸದ ಕ್ಯಾಲೆಂಡರನ್ನು ಮೊದಲು ನೋಡಿಕೊಳ್ಳಿ. ಚಿನ್ನ ಕೂರಿಸಲು ಜುಲೈಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಫೆಬ್ರವರಿಯಿಂದ ಮೇ ತನಕ ಮಸಿ ಕಾಯಿಸುವುದು, ಪ್ಲಾಸ್ಟರ್ ನೆನೆಹಾಕುವುದು, ಚರ್ಮ ಹದ ಮಾಡುವುದು ಇಂಥವನ್ನು ಮುಗಿಸಿಕೊಳ್ಳಬಹುದು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ತೇವಮಾಪಕ ಒಂದನ್ನು ಮೇಜಿನ ಮೇಲೆ ಇಟ್ಟುಕೊಂಡರೆ ಊಹಿಸುವ ಕಷ್ಟ ತಪ್ಪುತ್ತದೆ. ಗಾಳಿಯ ತೇವಾಂಶ ಶೇ. 55ರಿಂದ 70ರೊಳಗೆ ಇದ್ದರೆ ಕೂತುಕೊಳ್ಳಿ, 40ಕ್ಕಿಂತ ಕೆಳಗಿದ್ದರೆ ಚಿನ್ನದ ರೇಕಿನ ಪುಸ್ತಕ ತೆರೆಯಲೇ ಬೇಡಿ.

ಕೆಲಸದ ಸರದಿಯೂ ಬದಲಾಗುವಂತಿಲ್ಲ. ಮೊದಲು ಬರವಣಿಗೆ, ಆಮೇಲೆ ಚಿತ್ರದ ಗೆರೆ, ಆಮೇಲೆ ಚಿನ್ನ, ಅದಾದ ಮೇಲೆ ಬಣ್ಣ, ಕೊನೆಗೆ ಅಂಚಿನ ಕಪ್ಪು ಗೆರೆ. ಅರ್ಧಕ್ಕೆ ನಿಂತುಹೋದ ಹಸ್ತಪ್ರತಿಗಳಲ್ಲಿ ಚಿನ್ನ ಕೂತಿದ್ದು ಬಣ್ಣವೇ ಬೀಳದ ಪುಟಗಳು ಕಾಣುವುದು ಇದರಿಂದಲೇ. ಬಣ್ಣ ಮೊದಲು ಹಚ್ಚಿದರೆ ಅದರಲ್ಲಿನ ಗೋಂದಿಗೂ ರೇಕು ಅಂಟಿಕೊಳ್ಳುತ್ತದೆ, ಚಿನ್ನಕ್ಕೆ ಮೆರುಗು ಕೊಡಲು ಕಲ್ಲಿನಿಂದ ಉಜ್ಜುವಾಗ ಬಣ್ಣವೂ ಕಿತ್ತುಬರುತ್ತದೆ.

ಹಾಳೆ

ಮೊದಲ ಸಲಕ್ಕೆ 300 ಜಿಎಸ್‌ಎಂನ ನುಣುಪು ಮೈಯ ಹತ್ತಿ ಜಲವರ್ಣ ಕಾಗದ ಸಾಕು. ಒರಟು ಮೈಯ ಕಾಗದ ಬೇಡ, ಕೆಳಗಿನ ಉಬ್ಬುತಗ್ಗೆಲ್ಲ ಚಿನ್ನದಲ್ಲಿ ಎದ್ದು ಕಾಣುತ್ತದೆ.

ಕೈ ಪಳಗಿದ ಮೇಲೆ ಚರ್ಮಕ್ಕೆ ಹೋಗಬಹುದು. ಯುರೋಪಿನಲ್ಲಿ ಕರು, ಕುರಿ, ಮೇಕೆ ಮೂರರ ಚರ್ಮವೂ ಬಳಕೆಯಲ್ಲಿತ್ತು. ನಮ್ಮ ಕಡೆ ಇದಕ್ಕೆ ತೀರಾ ಹತ್ತಿರದ ವಸ್ತುವೆಂದರೆ ತಮಟೆಗೆ ಬಿಗಿಯಲು ಸಿದ್ಧ ಮಾಡಿದ ಮೇಕೆ ಚರ್ಮ. ಚಪ್ಪಲಿಯ ಚರ್ಮ ಬರುವುದಿಲ್ಲ. ತಂಗಡಿ ತೊಗಟೆಯಲ್ಲೋ ರಾಸಾಯನಿಕದಲ್ಲೋ ಹದ ಮಾಡಿದ ತೊಗಲು ಮೆತ್ತಗಾಗಿ, ಬಣ್ಣಗೆಟ್ಟು, ಮಸಿಯನ್ನು ಹೀರಿ ಹರಡಿಸುತ್ತದೆ. ಬರೆಯುವ ಚರ್ಮಕ್ಕೆ ತೊಗಟೆಯ ಹದ ಇಲ್ಲವೇ ಇಲ್ಲ. ಸುಣ್ಣದ ನೀರಿನಲ್ಲಿ ಕೂದಲು ಬಿಡಿಸಿ, ಎಳೆದು ಕಟ್ಟಿ, ಕೆರೆದು, ಎಳೆದ ಸ್ಥಿತಿಯಲ್ಲೇ ಒಣಗಿಸಿದ ಹಸಿ ಚರ್ಮ ಅದು. ಚರ್ಮ ಕೊಡುವವರಿಗೆ ಮೂರು ಮಾತು ಹೇಳಿದರೆ ಸಾಕು: ಎಣ್ಣೆ ಸವರಿರಬಾರದು, ಅರಿಸಿನ ಹಚ್ಚಿರಬಾರದು, ಆದಷ್ಟೂ ತೆಳ್ಳಗಿರಬೇಕು.

ನೀವೇ ಮಾಡುವುದಾದರೆ 10 ಲೀಟರ್ ನೀರಿಗೆ ಸುಮಾರು ಒಂದು ಕಿಲೋ ಅರಳಿದ ಸುಣ್ಣ ಕದಡಿ, ತೊಳೆದ ಚರ್ಮ ಮುಳುಗಿಸಿ, ದಿನಕ್ಕೆ ಎರಡು ಮೂರು ಸಲ ಕೋಲಿನಿಂದ ತಿರುವಿಹಾಕಿ. ಒಂದು ವಾರದಿಂದ ಹತ್ತು ದಿನದಲ್ಲಿ ಹೆಬ್ಬೆರಳಿನಿಂದ ತಳ್ಳಿದರೆ ಕೂದಲು ಜಾರಬೇಕು. ಬಿಸಿಲುಗಾಲದಲ್ಲಿ ಅದಕ್ಕೂ ಬೇಗ ಆಗುತ್ತದೆ, ಗಮನವಿಡಿ. ಹೆಚ್ಚು ದಿನ ಬಿಟ್ಟರೆ ಚರ್ಮ ಸತ್ವ ಕಳೆದುಕೊಂಡು ಎಳೆಯುವಾಗ ಹರಿಯುತ್ತದೆ. ರಬ್ಬರ್ ಕೈಗವಸು ಕಡ್ಡಾಯ. ಆಮೇಲೆ ಎರಡು ದಿನ ಬರೀ ನೀರಿನಲ್ಲಿಟ್ಟು, ಮರದ ಚೌಕಟ್ಟಿಗೆ ಕಟ್ಟಿ. ಚರ್ಮಕ್ಕೆ ತೂತು ಹಾಕಿ ದಾರ ಪೋಣಿಸಿದರೆ ಒಣಗುವಾಗ ತೂತು ಸೀಳಿಕೊಂಡು ಹೋಗುತ್ತದೆ. ಅದಕ್ಕೆ ಹಳಬರ ಉಪಾಯ ಹೀಗಿತ್ತು: ಗೋಲಿಯಷ್ಟು ಗಾತ್ರದ ಬೆಣಚುಕಲ್ಲನ್ನು ಚರ್ಮದ ಅಂಚಿನಲ್ಲಿ ಸುತ್ತಿ, ಆ ಗಂಟಿನ ಕತ್ತಿಗೆ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ಚೌಕಟ್ಟಿನ ಗೂಟಕ್ಕೆ ಸುತ್ತುವುದು. ಒಣಗುತ್ತಾ ಸಡಿಲವಾದ ಕಡೆ ಗೂಟ ತಿರುಗಿಸಿದರಾಯಿತು. ಅರ್ಧಚಂದ್ರಾಕಾರದ ಅಲಗಿನಿಂದ ಒದ್ದೆಯಲ್ಲೊಮ್ಮೆ, ಒಣಗಿದ ಮೇಲೊಮ್ಮೆ ಕೆರೆಯಬೇಕು. ಮೂಲೆ ಇರುವ ಅಲಗು ಚರ್ಮವನ್ನು ಕುಯ್ದುಬಿಡುತ್ತದೆ.

ಕತ್ತರಿಸಿದ ಹಾಳೆಯನ್ನು ಬರೆಯುವ ಮುಂಚೆ ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲಿನಿಂದ ಹಗುರವಾಗಿ ಉಜ್ಜಿ, ಚಾಕ್ ಪುಡಿ ಸವರಿ, ಕೊಡವಿಬಿಡಿ. ಜಿಡ್ಡು ಹೋಗುತ್ತದೆ, ಮಸಿ ಹಿಡಿಯುತ್ತದೆ. ಮಾಂಸದ ಕಡೆಯ ಮೈ ಬಿಳುಪು, ಕೂದಲ ಕಡೆಯದು ಸ್ವಲ್ಪ ಹಳದಿ, ಚುಕ್ಕೆಚುಕ್ಕೆ. ಚಿನ್ನಕ್ಕೆ ಮಾಂಸದ ಕಡೆ ಆರಿಸಿಕೊಳ್ಳಿ.

ಮಸಿ

ಮಾಚಿಕಾಯಿ 40 ಗ್ರಾಂ, ಅನ್ನಭೇದಿ 20 ಗ್ರಾಂ, ಗೋಂದು 12 ಗ್ರಾಂ, ನೀರು 400 ಮಿ.ಲೀ. ಬಾಣಂತಿಯರ ಔಷಧಕ್ಕೆ ತರುವ ಅದೇ ಮಾಚಿಕಾಯಿ. ತೂತಿಲ್ಲದ, ಭಾರವಾದ ಕಾಯಿ ಆರಿಸಿ. ತೂತಿದ್ದರೆ ಒಳಗಿನ ಹುಳು ಹಾರಿಹೋಗಿದೆ, ಒಗರೂ ಕಡಿಮೆ. ಕುಟ್ಟಾಣಿಯಲ್ಲಿ ಜಜ್ಜಿ, ನಾಲ್ಕೈದು ದಿನ ಬಿಸಿಲಿನಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ. ಸೋಸಿದ ನೀರಿಗೆ ಅನ್ನಭೇದಿ ಹಾಕಿದ ಕೂಡಲೇ ಕಪ್ಪಾಗುತ್ತದೆ. ಕೊನೆಗೆ ಗೋಂದು ಕರಗಿಸಿ. ಬರೆದಾಗ ಬೂದು ಬಣ್ಣ ಕಂಡರೆ ಗಾಬರಿ ಬೇಡ, ಗಾಳಿ ತಾಗಿ ಒಂದು ದಿನದಲ್ಲಿ ಗಾಢವಾಗುತ್ತದೆ. ಇನ್ನೂ ಕಪ್ಪಾಗಲಿ ಎಂದು ಅನ್ನಭೇದಿಯನ್ನು ಹೆಚ್ಚಿಸಿದರೆ ವರ್ಷಗಳ ಮೇಲೆ ಅಕ್ಷರವಿದ್ದ ಜಾಗದಲ್ಲಿ ಹಾಳೆಯೇ ತೂತಾಗುತ್ತದೆ. ಹಳೆಯ ಹಸ್ತಪ್ರತಿಗಳಲ್ಲಿ ಹೀಗೆ ತಿಂದುಹೋದ ಪುಟಗಳು ಎಷ್ಟೋ ಇವೆ.

ನೀರಿನ ಬಗ್ಗೆ ಒಂದು ಎಚ್ಚರ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಬೋರ್‌ವೆಲ್ ನೀರು ಗಡಸು. ಅದರಲ್ಲಿನ ಸುಣ್ಣದ ಅಂಶ ಮಸಿಯನ್ನು ಕೆಡಿಸುತ್ತದೆ, ಬಣ್ಣ ಒಣಗಿದ ಮೇಲೆ ಬಿಳಿ ಪುಡಿಯಾಗಿ ಮೇಲೆದ್ದು ಕೂರುತ್ತದೆ. ಮಳೆನೀರು ಉತ್ತಮ, ಇಲ್ಲವಾದರೆ ಶುದ್ಧ ನೀರಿನ ಘಟಕದ ಕ್ಯಾನು ನೀರು. ಮುಂದೆ ಎಲ್ಲೆಲ್ಲಿ ನೀರು ಎಂದಿದೆಯೋ ಅಲ್ಲೆಲ್ಲ ಇದೇ ನೀರು.

ಅಕ್ಷರದ ಆಯ್ಕೆ

ಲ್ಯಾಟಿನ್ ಪುಸ್ತಕಗಳಲ್ಲಿ ಡಿ, ಓ ಇಂಥ ಅಕ್ಷರಗಳ ಹೊಟ್ಟೆಯೊಳಗೆ ಪುಟ್ಟ ಚಿತ್ರ ಕೂರಿಸುವುದು ರೂಢಿ. ಕನ್ನಡದಲ್ಲಿ ಆ ಅನುಕೂಲ ಠ, ರ, ಥ, ಧ ಅಕ್ಷರಗಳಿಗೆ ಇದೆ. ‘ಶ್ರೀ’ ಎಲ್ಲರಿಗೂ ಇಷ್ಟ, ಆದರೆ ಮೊದಲಿಗೆ ಅದನ್ನು ಹಿಡಿಯಬೇಡಿ. ಸುರುಳಿ ಜಾಸ್ತಿ, ಒಂದೊಂದು ತಿರುವಿನಲ್ಲೂ ಚಿನ್ನದ ರೇಕು ಸೀಳುತ್ತದೆ. ಗೆರೆಯ ಅಗಲ ಎಲ್ಲೂ 4 ಮಿ.ಮೀ.ಗಿಂತ ಕಡಿಮೆ ಆಗದಂತೆ ಬರೆದುಕೊಳ್ಳಿ. ತಲೆಕಟ್ಟನ್ನು ಅಂಚಿನವರೆಗೆ ಎಳೆದು ಬಳ್ಳಿಯಾಗಿ ಬಿಡಿಸಿದರೆ ಪ್ಯಾರಿಸ್ಸಿನ ಹಳೆಯ ಪುಟಗಳ ಅಂಚಿನ ಬಳ್ಳಿಗೆ ಚೆನ್ನಾಗಿ ಹೊಂದುತ್ತದೆ.

ತಳ ಏರಿಸುವುದು

ಇಲ್ಲಿ ಅವಸರ ಮಾಡಿದವರ ಚಿನ್ನ ನಿಲ್ಲುವುದಿಲ್ಲ. ಚಿನ್ನದ ಕೆಳಗೆ ಸ್ವಲ್ಪ ಉಬ್ಬಿದ, ನುಣುಪಾದ ತಳವೊಂದು ಬೇಕು. ಮೈಸೂರು ಶೈಲಿಯ ಚಿತ್ರ ಬರೆಯುವವರಂತೆ ನಾವೂ ಇದನ್ನು ಜೆಸ್ಸೊ ಎನ್ನೋಣ, ಆದರೆ ಪಾಕ ಬೇರೆ. 1400ರ ಆಸುಪಾಸಿನಲ್ಲಿ ಇಟಲಿಯ ಚಿತ್ರಕಾರ ಚೆನ್ನಿನೊ ಚೆನ್ನಿನಿ ಬರೆದಿಟ್ಟ ಪ್ರಮಾಣವೇ ಇಲ್ಲಿಗೆ ಆಧಾರ: ನೆನೆಸಿದ ಪ್ಲಾಸ್ಟರ್, ಅದರ ಮೂರನೇ ಒಂದು ಪಾಲಿಗೆ ಮೀರದಂತೆ ಸೀಸದ ಸಫೇದ, ಸಫೇದಕ್ಕಿಂತ ಕಡಿಮೆ ಕಲ್ಲುಸಕ್ಕರೆ, ಬೆರೆಸಲು ಮೊಟ್ಟೆಯ ಬಿಳಿ. ಸೀಸ ವಿಷ, ಅದನ್ನು ಅರೆಯುವಾಗ ಏಳುವ ಧೂಳು ಇನ್ನೂ ಕೆಟ್ಟದ್ದು. ಅದರ ಜಾಗಕ್ಕೆ ಸತುವಿನ ಸಫೇದ, ಅಂದರೆ ಝಿಂಕ್ ಆಕ್ಸೈಡ್ ಹಾಕಿ. ತಳ ಕೊಂಚ ಪೆಡಸಾಗುತ್ತದೆ. ಒಂದೇ ಹಾಳೆಗೆ ಅದೇನೂ ನಷ್ಟವಲ್ಲ.

ಪ್ಲಾಸ್ಟರ್ ಆಫ್ ಪ್ಯಾರಿಸ್ 250 ಗ್ರಾಂ ತೆಗೆದುಕೊಂಡು, 5 ಲೀಟರ್ ನೀರಿರುವ ಬಕೆಟ್ಟಿಗೆ ಸ್ವಲ್ಪಸ್ವಲ್ಪವಾಗಿ ಉದುರಿಸುತ್ತಾ ಕಲಕಿ. ಮೊದಲ ಒಂದು ಗಂಟೆ ಕೈ ಬಿಡಬಾರದು, ಬಿಟ್ಟರೆ ತಳದಲ್ಲಿ ಗಟ್ಟಿಕಟ್ಟುತ್ತದೆ. ಆಮೇಲೆ ಒಂದು ತಿಂಗಳು ದಿನಕ್ಕೊಮ್ಮೆ ಕಲಕಿ, ವಾರಕ್ಕೊಮ್ಮೆ ಮೇಲಿನ ನೀರು ಬಸಿದು ಹೊಸ ನೀರು ಹಾಕಿ. ಗಟ್ಟಿಯಾಗುವ ಗುಣವೆಲ್ಲ ಕಳೆದು ರೇಷ್ಮೆಯಷ್ಟು ನುಣುಪಿನ ಬಿಳಿ ಮೆತ್ತೆ ಉಳಿಯುತ್ತದೆ. ಬಟ್ಟೆಯಲ್ಲಿ ಹಿಂಡಿ ನೆರಳಲ್ಲಿ ಒಣಗಿಸಿ. ಗೋಡೆಗೆ ಹಚ್ಚುವ ಪುಟ್ಟಿ ಆಗದು. ಅದರಲ್ಲಿ ಪ್ಲಾಸ್ಟಿಕ್ ಅಂಟು ಬೆರೆತಿರುತ್ತದೆ, ಉಸಿರಿನ ತೇವವನ್ನು ಅದು ಹೀರುವುದೇ ಇಲ್ಲ. ಗೋಡೆಯ ಸುಣ್ಣವೂ ಬೇಡ.

ಜೆಸ್ಸೊಗೆ ಒಂದು ಚಿಟಿಕೆ ಕೆಮ್ಮಣ್ಣೂ ಸೇರುತ್ತದೆ. ಯಾಕೆ? ಬಿಳಿ ಹಾಳೆಯ ಮೇಲೆ ಬಿಳಿ ಜೆಸ್ಸೊ ಎಲ್ಲಿ ಬಿದ್ದಿದೆ ಎಂದು ಕಾಣಲಿ ಎಂದು ಒಂದು. ರೇಕು ಎಲ್ಲಾದರೂ ಸೀಳಿದ್ದರೆ ಕೆಳಗಿನ ಕೆಂಪು ಚಿನ್ನಕ್ಕೆ ಹೊಂದಿಕೊಳ್ಳಲಿ ಎಂದು ಇನ್ನೊಂದು. ರಂಗೋಲಿಯ ಅಂಚಿಗೆ ಬಳಿಯುವ ಕೆಮ್ಮಣ್ಣನ್ನು ಲೋಟದ ನೀರಲ್ಲಿ ಕದಡಿ, ಅರ್ಧ ನಿಮಿಷ ಬಿಟ್ಟು, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ಕೆಂಪು ನೀರನ್ನು ಮಾತ್ರ ಬೇರೆ ಬಟ್ಟಲಿಗೆ ಬಗ್ಗಿಸಿ. ಹೀಗೆ ಮೂರು ಸಲ. ಕೊನೆಗೆ ಬಟ್ಟಲಿನ ತಳದಲ್ಲಿ ನಿಲ್ಲುವ ನುಣುಪು ಮಣ್ಣೇ ಬೇಕಾದದ್ದು. ಒಂದು ಕಾಳು ಮರಳು ಉಳಿದರೂ ಉಜ್ಜುವಾಗ ಚಿನ್ನದಲ್ಲಿ ಗೀರು ಬೀಳುತ್ತದೆ.

ಈಗ ಒಂದೇ ಚಮಚದ ಅಳತೆಯಲ್ಲಿ, ತಲೆ ಸಮ ಮಾಡಿ: ಪ್ಲಾಸ್ಟರ್ 8, ಸತುವಿನ ಸಫೇದ 2, ಪುಡಿ ಮಾಡಿದ ಕಲ್ಲುಸಕ್ಕರೆ 1, ಕೆಮ್ಮಣ್ಣು ಒಂದು ಚಿಟಿಕೆ. ಗಾಜಿನ ಹಲಗೆಯ ಮೇಲೆ ನೀರು ಹಾಕಿ ಅರ್ಧ ಗಂಟೆ ಅರೆಯಬೇಕು. ಬೆರಳ ನಡುವೆ ತಿಕ್ಕಿದರೆ ಕಾಳು ಸಿಗಬಾರದು. ನಾಣ್ಯದಷ್ಟು ಗಾತ್ರದ ಬಿಲ್ಲೆಗಳಾಗಿ ಬೆಣ್ಣೆ ಕಾಗದದ ಮೇಲೆ ಹಾಕಿ, ನೆರಳಲ್ಲಿ ಒಣಗಿಸಿ, ಡಬ್ಬಿಗೆ ಹಾಕಿಡಿ. ಮುಚ್ಚಳ ಗಟ್ಟಿಯಾಗಿರಲಿ, ಸಕ್ಕರೆ ಇದೆ ಎನ್ನುವುದು ಇರುವೆಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬಿಲ್ಲೆ ಕಲಸಲು ಮೊಟ್ಟೆಯ ಬಿಳಿಯನ್ನು ಹಿಂದಿನ ದಿನವೇ ತಯಾರಿಸಿ. ಒಂದು ಮೊಟ್ಟೆಯ ಬಿಳಿಯನ್ನು, ಹಳದಿಯ ಚೂರೂ ಸೇರದಂತೆ ಬೇರ್ಪಡಿಸಿ, ಬಟ್ಟಲು ಬೋರಲು ಹಾಕಿದರೂ ಬೀಳದಷ್ಟು ನೊರೆ ಬರುವ ಹಾಗೆ ಕಡೆಯಿರಿ. ಎರಡು ಚಮಚ ನೀರು ಸುರಿದು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ನೊರೆಯ ಕೆಳಗೆ ನಿಂತಿರುವ ತಿಳಿಯನ್ನು ಬಸಿದುಕೊಳ್ಳಿ. ಕಡೆಯದೆ ಹಾಗೇ ಬಳಸಿದರೆ ಎಳೆಎಳೆಯಾಗಿ ಕುಂಚಕ್ಕೆ ಸುತ್ತಿಕೊಳ್ಳುತ್ತದೆ. ಒಂದು ಲವಂಗ ಹಾಕಿಟ್ಟರೆ ನಾಲ್ಕು ದಿನ ತಡೆಯುತ್ತದೆ.

ಬಿಲ್ಲೆಯ ಚೂರನ್ನು ಚಿಪ್ಪಿನಲ್ಲೋ ಚಿಕ್ಕ ಬಟ್ಟಲಲ್ಲೋ ಹಾಕಿ, ಈ ತಿಳಿಯನ್ನು ತೊಟ್ಟುತೊಟ್ಟಾಗಿ ಬಿಟ್ಟು, 15–20 ನಿಮಿಷ ನೆನೆಯಲು ಬಿಡಿ. ಆಮೇಲೆ ಬೆರಳಿನಿಂದ ಮೆಲ್ಲಗೆ ತಿಕ್ಕಿ, ನೀರು ಸೇರಿಸಿ ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ಕಡ್ಡಿಯಿಂದ ಕಲಕಿದರೆ ಗುಳ್ಳೆ ಏಳುತ್ತದೆ. ಒಂದೊಂದು ಗುಳ್ಳೆಯೂ ಚಿನ್ನದಲ್ಲಿ ಒಂದೊಂದು ತೂತು. ಎದ್ದ ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ, ಅಥವಾ ಸೂಜಿಯ ತುದಿಗೆ ತಾಗಿದಷ್ಟು ಲವಂಗದ ಎಣ್ಣೆ ಮುಟ್ಟಿಸಿ. ಮಧ್ಯಯುಗದವರು ಇದಕ್ಕೆ ಕಿವಿಯ ಗುಗ್ಗೆ ಬಳಸುತ್ತಿದ್ದರು, ಕೆಲಸ ಮಾಡುತ್ತದೆ ಎನ್ನುವುದು ನಿಜ, ಲವಂಗದ ಎಣ್ಣೆಯೇ ವಾಸಿ.

ಹಾಳೆ ಮಟ್ಟವಾಗಿರಲಿ. ಗೆರೆಯ ನಡುವೆ ಒಂದು ತೊಟ್ಟು ಬಿಟ್ಟು, ಕುಂಚದ ತುದಿಯಿಂದ ಅದನ್ನು ಅಂಚಿನವರೆಗೆ ಎಳೆದುಕೊಂಡು ಹೋಗಿ. ತೊಟ್ಟು ಹಸಿಯಾಗಿರುವಾಗಲೇ ಮುಂದಿನದು ಸೇರಬೇಕು, ಒಣಗಿದ ಅಂಚಿಗೆ ಸೇರಿಸಿದರೆ ಗೆರೆ ಬೀಳುತ್ತದೆ. ತೆಳುವಾಗಿ ಮೂರು ಪದರ, ಒಂದರ ಮೇಲೊಂದು, ಪ್ರತಿಯೊಂದೂ ಒಣಗಿದ ಮೇಲೆ. ಒಟ್ಟು ಎತ್ತರ ಅರ್ಧ ಮಿ.ಮೀ. ದಾಟದಿದ್ದರೆ ಒಳ್ಳೆಯದು. ಬೇಗ ಒಣಗಲೆಂದು ಬಿಸಿಲಿಗೋ ಫ್ಯಾನಿಗೋ ಇಟ್ಟರೆ ಬಿರುಕು ಖಂಡಿತ. ಒಂದು ರಾತ್ರಿ ಬಿಟ್ಟು, ಬಾಗಿದ ಬ್ಲೇಡಿನಿಂದ ಮೇಲ್ಮೈಯನ್ನು ಹಗುರವಾಗಿ ಹೆರೆದು ನುಣುಪು ಮಾಡಿ.

ಚಿನ್ನ

ನಿಜವಾದ ರೇಕು 80 ಮಿ.ಮೀ. ಚೌಕ, 25 ಹಾಳೆಯ ಪುಸ್ತಕವಾಗಿ ಬರುತ್ತದೆ. ದಪ್ಪ ಒಂದು ಮೈಕ್ರಾನಿನ ಹತ್ತನೇ ಒಂದು ಪಾಲಿನ ಸುತ್ತಮುತ್ತ. ಹಾಗಾಗಿ ಒಂದು ರೇಕಿನಲ್ಲಿರುವ ಚಿನ್ನ ಸುಮಾರು 12 ಮಿಲಿಗ್ರಾಂ, ಇಡೀ ಪುಸ್ತಕ ಸೇರಿ ಗ್ರಾಮಿನ ಮೂರನೇ ಒಂದು ಭಾಗವೂ ಇಲ್ಲ. 2001ರಲ್ಲಿ ಗಣಿ ಮುಚ್ಚಿದ ಕೆಜಿಎಫ್ ಪಕ್ಕದಲ್ಲಿದ್ದರೂ ರೇಕಿಗೆ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು, ಮೈಸೂರು ಶೈಲಿಯ ಚಿತ್ರಕಾರರಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ ಕೇಳಿ. ಹಿತ್ತಾಳೆಯ ನಕಲಿ ರೇಕು ಸಾಮಾನ್ಯವಾಗಿ 14 ಸೆಂ.ಮೀ. ಚೌಕ, ಬೆರಳಲ್ಲಿ ಹಿಡಿದೆತ್ತಿದರೂ ಹರಿಯುವುದಿಲ್ಲ. ಅಸಲಿಯನ್ನು ಬೆರಳಿಂದ ಮುಟ್ಟಿದರೆ ಬೆರಳಿಗೇ ಮೆತ್ತಿಕೊಂಡು ಮಾಯವಾಗುತ್ತದೆ. ನಕಲಿ ಉಸಿರಿಗೆ ಅಂಟುವುದಿಲ್ಲ, ಕಾಲಕ್ರಮೇಣ ಕಪ್ಪಾಗುತ್ತದೆ. ಸಿಹಿತಿಂಡಿಯ ಬೆಳ್ಳಿ ರೇಕೂ ಕಪ್ಪಾಗುತ್ತದೆ.

ಬೆಳಿಗ್ಗೆ ಆರರಿಂದ ಎಂಟರೊಳಗೆ ಕೂತುಕೊಳ್ಳಿ. ಫ್ಯಾನ್ ಬಂದ್, ಕಿಟಕಿ ಬಂದ್. ತೇವ ಸಾಲದಿದ್ದರೆ ಸ್ನಾನದ ಹಂಡೆ ಕಾದು ಆವಿ ತುಂಬಿದ ಬಚ್ಚಲುಮನೆಯ ಬಾಗಿಲ ಬಳಿ ಹಾಳೆಯನ್ನು ಹತ್ತು ನಿಮಿಷ ಇಡಿ, ಒಳಗೆ ಬೇಡ. ಹಾಳೆಯ ಕೆಳಗೆ ಗಾಜೋ ನುಣುಪು ಮರದ ಹಲಗೆಯೋ ಇರಲಿ.

ರೇಕನ್ನು ಅದರ ಕಾಗದದ ಸಮೇತ ಕತ್ತರಿಯಿಂದ ಬೇಕಾದಷ್ಟಕ್ಕೆ ಕತ್ತರಿಸಿ, ಕೈಗೆಟುಕುವಂತೆ ಜೋಡಿಸಿಕೊಳ್ಳಿ. 10–12 ಸೆಂ.ಮೀ. ಉದ್ದದ ಬಿದಿರಿನ ಅಥವಾ ಕಾಗದದ ಕೊಳವೆಯನ್ನು ಜೆಸ್ಸೊದ ಹತ್ತಿರ ಹಿಡಿದು, ಗಂಟಲಿನಿಂದ ‘ಹಾ’ ಎಂದು ನಾಲ್ಕೈದು ಸಲ ಬಿಸಿ ಉಸಿರು ಬಿಡಿ. ದೀಪ ಆರಿಸುವ ಹಾಗೆ ಊದಿದರೆ ತಣ್ಣಗಿನ ಒಣ ಗಾಳಿ ಹೋಗುತ್ತದೆ, ಉಪಯೋಗವಿಲ್ಲ. ಕೊಳವೆಯಿಂದ ಎಂಜಲ ಹನಿ ಬೀಳದಂತೆ ಆಗಾಗ ಕೊಡವಿ; ಹನಿ ಬಿದ್ದ ಕಡೆ ಜೆಸ್ಸೊ ಕರಗಿ ಗುಂಡಿ ಬೀಳುತ್ತದೆ. ಉಸಿರು ಬಿಟ್ಟ ಎರಡು ಸೆಕೆಂಡಿನಲ್ಲಿ ರೇಕು ಕೂರಬೇಕು. ಬೆಣ್ಣೆ ಕಾಗದ ಮುಚ್ಚಿ ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಅಂಚುಗಳನ್ನು ಉಗುರಿನಿಂದ ಕಾಗದದ ಮೇಲೆಯೇ ಒತ್ತಿ. ಒಂದಕ್ಕೆ ಒಂದೂವರೆ ಸೆಂ.ಮೀ. ಭಾಗವನ್ನಷ್ಟೇ ಒಂದು ಸಲಕ್ಕೆ ಹಿಡಿಯಿರಿ. ಎರಡನೇ ಪದರ ಹಾಕಿದರೆ ಬಿಟ್ಟುಹೋದ ಕಡೆಯೆಲ್ಲ ಮುಚ್ಚಿ ಮೆರುಗು ಆಳವಾಗುತ್ತದೆ.

ಉಜ್ಜಲು ಅಕ್ಕಸಾಲಿಗಳು ಮೆರುಗು ಕೊಡಲು ಇಟ್ಟುಕೊಳ್ಳುವ ಅಗೇಟ್ ಕಲ್ಲು ಬೇಕು. ಯುರೋಪಿನವರು ನಾಯಿಯ ಕೋರೆಹಲ್ಲನ್ನೂ ಬಳಸುತ್ತಿದ್ದರು, ಇಂದಿನ ಅಗೇಟ್ ಉಪಕರಣಕ್ಕೂ ಅದೇ ಬಾಗು. ರೇಕು ಕೂರಿಸಿ ಅರ್ಧ ಗಂಟೆ ಕಾಯಿರಿ. ಮೊದಲು ಬೆಣ್ಣೆ ಕಾಗದದ ಮೇಲಿಂದ, ಆಮೇಲೆ ನೇರವಾಗಿ ಚಿನ್ನದ ಮೇಲೆ, ಹಗುರವಾಗಿ ಸುತ್ತುತ್ತಾ ಹೋಗಿ. ಕಲ್ಲು ಜಾರುತ್ತಿದ್ದರೆ ಸರಿ. ತಡೆದಂತೆ ಅನಿಸಿದರೆ ತಕ್ಷಣ ನಿಲ್ಲಿಸಿ, ಜೆಸ್ಸೊ ಇನ್ನೂ ತೇವವಿದೆ, ಮುಂದುವರಿಸಿದರೆ ಚಿನ್ನ ಕಲ್ಲಿಗೆ ಬರುತ್ತದೆ.

ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ಗುರುತಿಸುವುದು ಕಷ್ಟವಲ್ಲ. ರೇಕು ಅಂಟಲೇ ಇಲ್ಲವಾದರೆ ಗಾಳಿ ಒಣಗಿದೆ ಅಥವಾ ಸಕ್ಕರೆ ಕಡಿಮೆ. ಅಂಟಿದ್ದು ಹೊಳೆಯದೆ ಮಂಕಾಗಿ ಅಂಟಂಟಾಗಿದ್ದರೆ ಸಕ್ಕರೆ ಹೆಚ್ಚು. ಆಗಸ್ಟ್‌ನ ಜಡಿಮಳೆಯಲ್ಲಿ ಸರಿಯಾದ ಪಾಕವೂ ಹೀಗೆ ಮಾಡುತ್ತದೆ, ಬಿಸಿಲು ಬೀಳುವ ತನಕ ತಡೆಯಿರಿ. ಜೆಸ್ಸೊ ಪುಡಿಯಾಗಿ ಉದುರಿದರೆ ಮೊಟ್ಟೆಯ ತಿಳಿ ಸಾಲದು. ಅಡ್ಡಡ್ಡ ಬಿರುಕು ಬಿಟ್ಟರೆ ಪದರ ದಪ್ಪ. ಕೆರೆದು ತೆಗೆದು ಮತ್ತೆ ಏರಿಸುವುದೇ ಮದ್ದು, ಮೇಲೆ ತೇಪೆ ಹಾಕಿದರೆ ನಿಲ್ಲುವುದಿಲ್ಲ.

ಬಣ್ಣ

ಚಿನ್ನದ ಅಂಚಿಗೆ ಉಳಿದ ರೇಕಿನ ಚೂರನ್ನು ಮೃದು ಕುಂಚದಿಂದ ಗುಡಿಸಿ, ಬಣ್ಣಕ್ಕೆ ಹೋಗಿ. ಹಳೆಯ ಪಟ್ಟಿಯಲ್ಲಿದ್ದ ಇಂಗಳೀಕದಲ್ಲಿ ಪಾದರಸ, ಸಿಂಧೂರದಲ್ಲಿ ಸೀಸ, ಅರಿದಾಳದಲ್ಲಿ ಪಾಷಾಣ. ಈ ಮೂರನ್ನು ಮನೆಯಲ್ಲಿ ಅರೆಯಬೇಡಿ, ಅದೇ ಛಾಯೆಯ ಸಿದ್ಧ ಗ್ವಾಶ್ (ಕೆಳಗಿನ ಹಾಳೆ ಕಾಣದಂತೆ ಮುಚ್ಚುವ ಜಲವರ್ಣ) ಬಣ್ಣ ತನ್ನಿ. ಕುಂಚದ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡುವ ಅಭ್ಯಾಸವಿದ್ದರೆ ಇಂದೇ ಬಿಡಿ.

ನೀಲಿ ಆ ಕಾಲದಲ್ಲಿ ಅತಿ ದುಬಾರಿ. ಅಫ್ಘಾನಿಸ್ತಾನದ ಬದಕ್‌ಶಾನಿನಿಂದ ಹೋಗುತ್ತಿದ್ದ ಲಾಪಿಸ್ ಲಾಜುಲಿ ಕಲ್ಲಿನ ನೀಲಿ ಅದು. ಫ್ರಾನ್ಸಿನ ಬೆರ್ರಿಯ ಡ್ಯೂಕ್‌ಗಾಗಿ ಚಿತ್ರಕಾರರಾದ ಲಿಂಬುರ್ಗ್ ಸಹೋದರರು 1416ರಲ್ಲಿ ತೀರಿಕೊಳ್ಳುವವರೆಗೂ ಮಾಡುತ್ತಿದ್ದ ಪ್ರಾರ್ಥನಾ ಪುಸ್ತಕದ ಆಕಾಶಗಳಲ್ಲಿ ಇದನ್ನು ಧಾರಾಳವಾಗಿ ಕಾಣಬಹುದು. 19ನೇ ಶತಮಾನದಿಂದ ಸಿಗುವ ಕೃತಕ ಅಲ್ಟ್ರಾಮರೀನ್ ಪುಡಿ ನಮಗೆ ಸಾಕು. ಹುಳಿ ತಾಗಿದರೆ ಈ ನೀಲಿ ಬಿಳಿಚುತ್ತದೆ, ಹಾಗಾಗಿ ಇದಕ್ಕೆ ಪಟಿಕದ ನೀರು ಸೇರದಂತೆ ಕುಂಚ ಬೇರೆ ಇಡಿ.

ಗುಲಾಬಿ ಬಣ್ಣವನ್ನು ಮಾತ್ರ ನೀವೇ ಮಾಡಿ. ಪತಂಗದ ಚಕ್ಕೆ ಭಾರತದಿಂದಲೂ ಯುರೋಪಿಗೆ ಹೋಗುತ್ತಿದ್ದ ಸರಕು. ಚಕ್ಕೆ 10 ಗ್ರಾಂ, ನೀರು 150 ಮಿ.ಲೀ., ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ ಸೋಸಿ. 3 ಗ್ರಾಂ ಪಟಿಕ ಕರಗಿಸಿ, ಆಮೇಲೆ ನುಣ್ಣಗೆ ಅರೆದ ಮೊಟ್ಟೆಚಿಪ್ಪಿನ ಪುಡಿಯನ್ನು ಚಿಟಿಕೆಚಿಟಿಕೆಯಾಗಿ ಹಾಕಿ. ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆ ಇರಲಿ. ಬಣ್ಣ ಪುಡಿಗೆ ಹತ್ತಿ ತಳಕ್ಕೆ ಇಳಿಯುತ್ತದೆ, ಸೋಸಿ ಒಣಗಿಸಿ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಗುಲಾಬಿಯ ಬದಲು ಕೊಳೆ ನೇರಳೆ ಬರುತ್ತದೆ. ಬಿಸಿಲಿಗೆ ಬೇಗ ಮಾಸುವುದು ಇದರ ಒಂದೇ ದೋಷ.

ಗೋಂದು 1 ಪಾಲಿಗೆ ನೀರು 2 ಪಾಲು ಹಾಕಿ ರಾತ್ರಿ ನೆನೆಸಿ ಸೋಸಿ, ಒಂದೆರಡು ಹನಿ ಜೇನು ಸೇರಿಸಿ. ಇದರಲ್ಲಿ ಬಣ್ಣದ ಪುಡಿ ಅರೆಯಿರಿ. ಒಣಗಿದ ಬಣ್ಣ ಬೆರಳಿಗೆ ಹತ್ತಿದರೆ ಗೋಂದು ಕಡಿಮೆ, ಹೊಳೆದು ಸೀಳಿದರೆ ಹೆಚ್ಚು. ಅಕ್ಷರದ ಒಳಗೆ ಗುಲಾಬಿ, ಹೊರಗೆ ನೀಲಿ, ಅಥವಾ ಅದಲುಬದಲು. ಮೊದಲು ಸಮತಟ್ಟಾಗಿ ತುಂಬಿ, ಅದೇ ಬಣ್ಣದ ಗಾಢ ಛಾಯೆಯಿಂದ ಒಂದು ಅಂಚಿಗೆ ನೆರಳು ಕೊಟ್ಟು, ಒಣಗಿದ ಮೇಲೆ ಕೂದಲೆಳೆಯ ಬಿಳಿ ಗೆರೆಗಳಲ್ಲಿ ಸುರುಳಿ, ಚುಕ್ಕೆ ಬಿಡಿಸಿ. ಪುಟ ಜೀವ ತಳೆಯುವುದು ಈ ಬಿಳಿ ಗೆರೆಯಲ್ಲೇ. ಬಿಳಿ ನೀರಾಗಿದ್ದರೆ ಕೆಳಗಿನ ಬಣ್ಣ ಕದಡುತ್ತದೆ. ಕುಂಚವನ್ನು ಬಟ್ಟೆಗೆ ಒತ್ತಿ ಅರೆ ಒಣಗಿಸಿಕೊಂಡು ಎಳೆಯಿರಿ. 15ನೇ ಶತಮಾನದ ಕೊನೆಯಲ್ಲಿ ಗೆಂಟ್, ಬ್ರೂಜ್‌ನವರು ಅಂಚಿನಲ್ಲಿ ತಮ್ಮ ತೋಟದ ಹೂಗಳನ್ನು ನೆರಳಿನ ಸಮೇತ, ಈಗಷ್ಟೇ ಕಿತ್ತು ಉದುರಿಸಿದಂತೆ ಬರೆಯುತ್ತಿದ್ದರು. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯ ಸೇವಂತಿಗೆಗೂ ಕನಕಾಂಬರಕ್ಕೂ ಆ ಜಾಗ ಸಲ್ಲುತ್ತದೆ, ಗುಲಾಬಿ ಬರೆದು ಯುರೋಪನ್ನು ನಕಲು ಮಾಡಬೇಕಾಗಿಲ್ಲ. ಬೆಳಕು ಎಡಮೇಲಿನಿಂದ ಎಂದಿಟ್ಟುಕೊಂಡು ಪ್ರತಿ ಹೂವಿನ ಬಲಗೆಳಗೆ ತೆಳು ಕಂದು ನೆರಳು ಹಾಕಿ.

ಕೊನೆಗೆ ಚಿನ್ನಕ್ಕೂ ಬಣ್ಣಕ್ಕೂ ನಡುವೆ ಸಣ್ಣ ಕುಂಚದಿಂದ ಕಪ್ಪು ಗೆರೆ. ಡೊಂಕಾದ ಚಿನ್ನದ ಅಂಚನ್ನೆಲ್ಲ ಇದು ಮುಚ್ಚುತ್ತದೆ. ಗೆರೆ ಚಿನ್ನದ ಮೇಲೆ ನಿಲ್ಲದೆ ಮುದುಡಿದರೆ ಮಸಿಗೆ ಒಂದು ಹನಿ ಮೊಟ್ಟೆಯ ತಿಳಿ ಸೇರಿಸಿ.

ಚರ್ಮದ ಹಾಳೆ ಮಳೆಗಾಲದಲ್ಲಿ ಅಲೆ ಏಳುತ್ತದೆ. ಹಳೆಯ ಪುಸ್ತಕಗಳಿಗೆ ಮರದ ರಟ್ಟು, ಲೋಹದ ಕೊಂಡಿ ಇರುತ್ತಿದ್ದುದು ಅದನ್ನು ಅದುಮಿಡಲೆಂದೇ. ಬಿಡಿ ಹಾಳೆಯಾದರೆ ನಾಲ್ಕೂ ಮೂಲೆಗೆ ಕಾಗದದ ಪಟ್ಟಿ ಹಾಕಿ ರಟ್ಟಿಗೆ ಹಿಡಿಸಿ, ಗಾಜು ಚಿನ್ನಕ್ಕೆ ತಾಗದಂತೆ ಕನಿಷ್ಠ 5 ಮಿ.ಮೀ. ಅಂತರ ಬಿಟ್ಟು ಚೌಕಟ್ಟು ಹಾಕಿಸಿ. ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಜೆಸ್ಸೊ ಪುಡಿಯಾಗುತ್ತದೆ. ಚೌಕಟ್ಟನ್ನು ಅಡುಗೆಮನೆಯ ಗೋಡೆಗೂ ದೇವರ ದೀಪದ ಮೇಲ್ಗಡೆಗೂ ಹಾಕಬೇಡಿ, ಹೊಗೆಯ ಜಿಡ್ಡು ಚಿನ್ನದ ಮೇಲೆ ಕೂತರೆ ಒರೆಸಿ ತೆಗೆಯಲು ದಾರಿಯಿಲ್ಲ.